ಬುದ್ಧಿಹಲ್ಲೂ ವೈದ್ಯರ ಬಾಯಿಮಾತೂ

ಹಲ್ಲುಗಳೆಲ್ಲ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಂಡು, ಇನ್ನು ಬಾಯಿಯ ವಿಷಯದಲ್ಲಿ ಹೊಸದೇನೂ ಸಂಭವಿಸಲಾರದೆಂದು ನಾವು ನಿಶ್ಚಿಂತರಾಗಿರುವ ಪ್ರಾಯದಲ್ಲಿ, ಎಂದರೆ ಸಾಮಾನ್ಯವಾಗಿ 17ರಿಂದ 25 ವರ್ಷಗಳ ನಡುವೆ, ದವಡೆಯ ತುತ್ತತುದಿಯಲ್ಲಿ ಎಡಕ್ಕೂ ಬಲಕ್ಕೂ, ಮೇಲೂ ಕೆಳಗೂ ಒಂದೊಂದರಂತೆ ಹುಟ್ಟಲು ಹವಣಿಸುವ ನಾಲ್ಕು ಹಲ್ಲುಗಳೇ ಬುದ್ಧಿಹಲ್ಲುಗಳು. ಕೆಲವರಿಗೆ ನಾಲ್ಕೂ ನೆಟ್ಟಗೆ ಬಂದು, ಬಂದದ್ದೇ ತಿಳಿಯದಂತೆ ನಿಲ್ಲುತ್ತವೆ. ಕೆಲವರಿಗೆ ಒಂದೆರಡು ಹುಟ್ಟುವುದೇ ಇಲ್ಲ. ಇನ್ನುಳಿದ ಅನೇಕರಿಗೆ, ದವಡೆಯಲ್ಲಿ ಸಾಕಷ್ಟು ಎಡೆಯಿಲ್ಲದ ಕಾರಣ, ಅವು ಮೂಳೆಯೊಳಗೆ ಓರೆಯಾಗಿಯೋ ಅಡ್ಡಲಾಗಿಯೋ ಸಿಕ್ಕಿಕೊಂಡು, ಅರ್ಧ ಹೊರಗೂ ಅರ್ಧ ಒಳಗೂ ಉಳಿದುಬಿಡುತ್ತವೆ. ಹೀಗೆ ಸಿಕ್ಕಿಕೊಂಡ ಹಲ್ಲನ್ನು ಕೀಳಬೇಕೆ, ಬಿಡಬೇಕೆ ಎಂಬ ಪ್ರಶ್ನೆಯೊಂದಿಗೆ ವೈದ್ಯರ ಎದುರು ಕುಳಿತ ರೋಗಿಗೆ, ಔಷಧಕ್ಕಿಂತಲೂ ಶಸ್ತ್ರಕ್ಕಿಂತಲೂ ಮೊದಲು ದೊರೆಯಬೇಕಾದದ್ದು ಮುಚ್ಚುಮರೆಯಿಲ್ಲದ ಮಾತು ಎಂಬುದು ನನ್ನ ದೃಢವಾದ ನಂಬಿಕೆ.

ಈ ಹಲ್ಲಿನ ಉಪದ್ರವ ಇಂದಿನದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮುಖರೋಗಗಳನ್ನು ನಿರೂಪಿಸುವ ಅಧ್ಯಾಯವು, ದವಡೆಯ ಕಟ್ಟಕಡೆಯ ಹಲ್ಲಿನ ಬಳಿ ಮಹತ್ತಾದ ಬಾವು, ಅತಿಶಯವಾದ ನೋವು, ಲಾಲಾಸ್ರಾವ ಇವುಗಳಿಂದ ಕೂಡಿದ ವ್ಯಾಧಿಯೊಂದನ್ನು ಅಧಿಮಾಂಸಕವೆಂದು ಹೆಸರಿಸುತ್ತದೆ. ಅದೇ ಅಧ್ಯಾಯದಲ್ಲಿ, ತೀವ್ರವಾದ ವೇದನೆಯೊಡನೆ ಅಧಿಕವಾಗಿ ಹುಟ್ಟಿ, ಹುಟ್ಟಿದ ಮೇಲೆ ಆ ವೇದನೆ ತಾನೇ ಶಮನವಾಗುವ ಹಲ್ಲಿನ ವರ್ಣನೆಯೂ ಬರುತ್ತದೆ. ಇಂದಿನ ದಂತವೈದ್ಯರು ಪೆರಿಕೊರೊನೈಟಿಸ್ ಎಂದು ಚೀಟಿಯ ಮೇಲೆ ಬರೆಯುವ ವ್ಯಾಧಿಯ ಲಕ್ಷಣಗಳನ್ನು ಆ ಪುರಾತನ ವೈದ್ಯನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದನೆಂಬುದನ್ನು ನೋಡಿದರೆ ಗೌರವವುಂಟಾಗುತ್ತದೆ.

ಈ ವ್ಯಾಧಿಯ ಕ್ರಮ ಹೀಗಿದೆ. ಅರ್ಧ ಹುಟ್ಟಿದ ಹಲ್ಲಿನ ತಲೆಯ ಮೇಲೆ ಒಸಡಿನ ಒಂದು ಪದರ ಮುಚ್ಚಳದಂತೆ ಕವಿದಿರುತ್ತದೆ. ಅದರಡಿಯಲ್ಲಿ ಅನ್ನದ ಅಗುಳೋ ಅವಲಕ್ಕಿಯ ಚೂರೋ ಸೇರಿಕೊಂಡರೆ ಬ್ರಷ್ಷಿಗೆ ಎಟಕುವುದಿಲ್ಲ, ನಾಲಗೆಗೆ ಸಿಗುವುದಿಲ್ಲ. ಗಾಳಿಯಾಡದ ಆ ಸಂದಿಯಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಗೊಂಡು ಒಸಡು ಬಾತುಕೊಳ್ಳುತ್ತದೆ. ಬಾತ ಒಸಡನ್ನು ಮೇಲಿನ ಹಲ್ಲು ಪ್ರತಿ ತುತ್ತಿಗೂ ಕಚ್ಚುತ್ತದೆ. ಕಚ್ಚಿದಷ್ಟೂ ಬಾವು ಹೆಚ್ಚುತ್ತದೆ. ಉರಿಯೂತವು ದವಡೆಯನ್ನು ಆಡಿಸುವ ಸ್ನಾಯುಗಳಿಗೆ ತಾಗಿದಾಗ ಬಾಯಿ ಒಂದು ಬೆರಳಿನಷ್ಟೂ ತೆರೆಯದಂತೆ ಬಿಗಿದುಕೊಳ್ಳುವುದುಂಟು. ಇದಕ್ಕಿಂತ ಕಳ್ಳತನದ ತೊಂದರೆ ಇನ್ನೊಂದಿದೆ. ಮುಂದಕ್ಕೆ ವಾಲಿದ ಬುದ್ಧಿಹಲ್ಲು ತನ್ನ ಮುಂದಿನ ದವಡೆ ಹಲ್ಲಿಗೆ ಒರಗಿಕೊಂಡಾಗ, ಎರಡರ ನಡುವೆ ನಿಂತ ಆಹಾರದಿಂದ ಆ ಮುಂದಿನ ಹಲ್ಲಿನ ಹಿಂಬದಿ ಹುಳುಕಾಗುತ್ತದೆ. ನೋವು ಕಾಣಿಸಿಕೊಳ್ಳುವ ವೇಳೆಗೆ, ಜೀವಮಾನವೆಲ್ಲ ಅಗಿಯಲು ಬೇಕಾಗಿದ್ದ ಒಳ್ಳೆಯ ಹಲ್ಲೇ ಕೈಬಿಟ್ಟುಹೋಗುವ ಸ್ಥಿತಿಗೆ ಬಂದಿರಬಹುದು. ಮೂಳೆಯೊಳಗೇ ಹುದುಗಿದ ಹಲ್ಲಿನ ಸುತ್ತ ದ್ರವ ತುಂಬಿದ ಚೀಲವೊಂದು ಬೆಳೆದು, ಸದ್ದಿಲ್ಲದೆ ದವಡೆಯನ್ನು ತಿನ್ನುವುದೂ ಉಂಟು. ಆದರೆ ಇದು ಬಹುಮಂದಿಗೆ ಆಗುವಂಥದಲ್ಲ.

ಇಷ್ಟೆಲ್ಲ ತೊಂದರೆ ಕೊಡುವ ಹಲ್ಲನ್ನು, ತೊಂದರೆ ಕೊಡುವ ಮುನ್ನವೇ ಕಿತ್ತುಹಾಕಿದರೆ ಒಳ್ಳೆಯದಲ್ಲವೆ ಎಂದು ಯಾರಿಗಾದರೂ ತೋರೀತು. ವೈದ್ಯಲೋಕದಲ್ಲಿ ಒಮ್ಮತವಿಲ್ಲದಿರುವುದು ಈ ಪ್ರಶ್ನೆಯ ವಿಷಯದಲ್ಲಿಯೇ. ಅಮೆರಿಕದಲ್ಲಿ ಹರೆಯದ ಹುಡುಗ ಹುಡುಗಿಯರ ಬುದ್ಧಿಹಲ್ಲುಗಳನ್ನು, ಅವು ನೋಯಲಿ ನೋಯದಿರಲಿ, ಕಾಲೇಜಿಗೆ ಕಾಲಿಡುವ ಹೊತ್ತಿಗೆ ತೆಗೆಸಿಬಿಡುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಬ್ರಿಟನ್ನಿನಲ್ಲಾದರೋ, ನೈಸ್ ಎಂಬ ಸಂಕ್ಷಿಪ್ತನಾಮದ ಸರಕಾರಿ ಸಂಸ್ಥೆಯು 2000ನೆಯ ಇಸವಿಯಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿ, ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯ ನೆಪದಿಂದ ಕೀಳುವುದು ಸಲ್ಲದೆಂದು ವಿಧಿಸಿತು. ಲೋಕದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯವರು ಈ ವಿಷಯವನ್ನು ಮತ್ತೆ ಮತ್ತೆ ಪರಿಶೀಲಿಸಿ, ನೋವಿಲ್ಲದ ಹಲ್ಲನ್ನು ತೆಗೆಯುವುದೇ ಲೇಸೆಂದಾಗಲಿ ಉಳಿಸುವುದೇ ಲೇಸೆಂದಾಗಲಿ ನಿರ್ಧರಿಸಲು ಸಾಕಷ್ಟು ಆಧಾರವಿಲ್ಲವೆಂದೇ ಹೇಳಿದ್ದಾರೆ. ಒಂದು ಕಡೆ, ಪ್ರಾಯ ಏರಿದಂತೆ ಮೂಳೆ ಗಟ್ಟಿಯಾಗಿ, ಬೇರು ಪೂರ್ಣವಾಗಿ ಬೆಳೆದು, ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆಂಬುದು ನಿಜ. ಇನ್ನೊಂದು ಕಡೆ, ಸುಮ್ಮನಿರುವ ಹಲ್ಲು ಮುಂದೆಂದಾದರೂ ಕಾಡುವುದೋ, ಮುಪ್ಪಿನವರೆಗೂ ಸುಮ್ಮನೆಯೇ ಇರುವುದೋ ಎಂಬುದನ್ನು ಮುಂಚಿತವಾಗಿ ಖಚಿತವಾಗಿ ಹೇಳಬಲ್ಲವರು ಇಲ್ಲವೆಂಬುದೂ ಅಷ್ಟೇ ನಿಜ. ಬುದ್ಧಿಹಲ್ಲು ಹಿಂದಿನಿಂದ ನೂಕುವುದರಿಂದಲೇ ಮುಂದಿನ ಹಲ್ಲುಗಳು ಸೊಟ್ಟಗಾಗುತ್ತವೆ ಎಂಬ ಮಾತನ್ನು ನಾವು ಮನೆಗಳಲ್ಲಿ ಮಾತ್ರವಲ್ಲ, ಕೆಲವು ಚಿಕಿತ್ಸಾಲಯಗಳಲ್ಲೂ ಕೇಳುತ್ತೇವೆ. ಸಂಶೋಧನೆಗಳು ಅದನ್ನು ಸಮರ್ಥಿಸುವುದಿಲ್ಲ.

ಶಾಸ್ತ್ರವೇ ಹೀಗೆ ಎರಡು ಮಾತಾಡುವ ಎಡೆಯಲ್ಲಿ, ನಿರ್ಧಾರದ ಭಾರವೆಲ್ಲ ವೈದ್ಯನೂ ರೋಗಿಯೂ ಕೂಡಿ ಆಡುವ ಮಾತಿನ ಮೇಲೆ ಬೀಳುತ್ತದೆ. ಮುರಿದ ಕೈಗೆ ಕಟ್ಟು ಹಾಕುವುದರಲ್ಲಿ ಚರ್ಚೆಗೆ ಅವಕಾಶ ಕಡಿಮೆ. ನೋಯದ ಹಲ್ಲೊಂದನ್ನು ಕೀಳುವುದರಲ್ಲಿ ಚರ್ಚೆಯೇ ಮುಖ್ಯ. ಕೀಳಿಸಿದರೆ ಏನು, ಬಿಟ್ಟರೆ ಏನು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪರೀಕ್ಷಿಸುತ್ತ ಕಾದು ನೋಡಿದರೆ ಏನು ಎಂಬ ಮೂರು ದಾರಿಗಳನ್ನೂ ರೋಗಿಯ ಮುಂದಿಟ್ಟು, ತನ್ನ ಅಭಿಪ್ರಾಯವನ್ನೂ ಅದರ ಕಾರಣವನ್ನೂ ತಿಳಿಸಿ, ತನಗೆ ತಿಳಿಯದುದನ್ನು ತಿಳಿಯದೆಂದೇ ಒಪ್ಪಿಕೊಳ್ಳುವ ವೈದ್ಯರನ್ನು ಕಂಡರೆ ರೋಗಿಗೆ ಅಗೌರವ ಹುಟ್ಟುವುದೆಂಬ ಭೀತಿ ವೃತ್ತಿಯಲ್ಲಿ ಕೆಲವರಿಗಿದೆ. ಅದು ನಿರಾಧಾರವಾದ ಭೀತಿ. ಸಂದೇಹವನ್ನು ಬಚ್ಚಿಟ್ಟವರ ಮೇಲಲ್ಲದೆ, ಸಂದೇಹವನ್ನು ಬಿಚ್ಚಿ ಹೇಳಿದವರ ಮೇಲೆ ಜನ ಮುನಿದುಕೊಂಡದ್ದನ್ನು ನಾನು ಕಾಣೆ.

ತುಮಕೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದ ದಂತಚಿಕಿತ್ಸಾಲಯದಲ್ಲಿ ನಾನು ಕಂಡ ಒಂದು ಸಂಭಾಷಣೆಯನ್ನು ಇಲ್ಲಿ ಕೊಡುವುದು ಉಚಿತ. ತೆಂಗಿನ ತೋಟದ ಯಜಮಾನರೊಬ್ಬರು ಇಂಜಿನಿಯರಿಂಗ್ ಓದುತ್ತಿದ್ದ ಮಗಳನ್ನು ಕರೆತಂದಿದ್ದರು. ಹುಡುಗಿಯ ಎಡಗೆನ್ನೆ ಬಾತಿತ್ತು. ಮಾತೆಲ್ಲ ಹಲ್ಲಿನ ಸಂದಿಯಿಂದಲೇ ಹೊರಡುತ್ತಿತ್ತು. "ಮೂರು ದಿನದಿಂದ ಊಟ ಬಿಟ್ಟಿದಾಳೆ ಡಾಕ್ಟ್ರೇ, ಇವತ್ತೇ ಕಿತ್ತು ಹಾಕಿಬಿಡಿ" ಎಂದರು ತಂದೆ. ವೈದ್ಯೆ ಪರೀಕ್ಷೆ ಮುಗಿಸಿ, ಒರಗಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿ, ಮುಖದ ಮಾಸ್ಕನ್ನು ಕೆಳಗಿಳಿಸಿ, ಹುಡುಗಿಯ ಕಣ್ಣಿನ ಮಟ್ಟಕ್ಕೆ ತಾವೂ ಸ್ಟೂಲಿನ ಮೇಲೆ ಕುಳಿತರು. "ಇವತ್ತು ಕೀಳೋದು ಬೇಡ ಯಜಮಾನ್ರೇ. ಒಳಗೆ ಕೀವಿದೆ, ಮೊದಲು ತೊಳೆದು ಊತ ಇಳಿಸೋಣ" ಎಂದು ತಂದೆಗೆ ಹೇಳಿ, ಆಮೇಲೆ ಹುಡುಗಿಯ ಕಡೆಗೆ ತಿರುಗಿ, ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದರು. "ನೋಡಮ್ಮ, ಇದು ನಿನ್ನ ಬುದ್ಧಿಹಲ್ಲು, ಹೀಗೆ ಮುಂದಕ್ಕೆ ವಾಲಿದೆ. ಕೆಳಗೆ ಎರಡು ಬಿಳಿ ಗೆರೆ ಮಧ್ಯೆ ಕಪ್ಪಗೆ ಕಾಣ್ತಿದೆಯಲ್ಲ, ಅದು ತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡೋ ನರದ ದಾರಿ. ನಿನ್ನ ಹಲ್ಲಿನ ಬೇರು ಅದಕ್ಕೆ ಹತ್ತಿರ ಇದೆ, ಆದರೆ ತಾಗಿಕೊಂಡಿಲ್ಲ."

ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, "ಕಣ್ಣಿಗೆ ಏನೂ ಆಗಲ್ವಾ ಮೇಡಂ? ಅಜ್ಜಿ ಕೀಳಿಸಬೇಡ ಅಂತಾರೆ" ಎಂದಳು. ಹಲ್ಲು ಕೀಳಿಸಿದರೆ ದೃಷ್ಟಿ ಕುಂದುತ್ತದೆಂಬ ಈ ಅಂಜಿಕೆ ನಮ್ಮ ನಾಡಿನ ಮನೆಮನೆಯಲ್ಲಿಯೂ ಇದೆ. ಅದನ್ನು ನಕ್ಕು ತಳ್ಳಿಹಾಕಿದ ವೈದ್ಯರು ರೋಗಿಯ ಮುಂದಿನ ಪ್ರಶ್ನೆಯನ್ನು ಆಗಲೇ ಕಳೆದುಕೊಂಡರೆಂದು ತಿಳಿಯಬೇಕು. ಈ ವೈದ್ಯೆ ನಗಲಿಲ್ಲ. ನೋಟಕ್ಕೆ ಸಂಬಂಧಿಸಿದ ನರ ಮಿದುಳಿನಿಂದ ನೇರವಾಗಿ ಕಣ್ಣಿಗೆ ಹೋಗುವ ಬೇರೊಂದು ನರವೆಂದೂ, ಹಲ್ಲಿನ ನರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ ತಮ್ಮ ಕೈಬೆರಳಿನಿಂದ ತಮ್ಮದೇ ಮುಖದ ಮೇಲೆ ದಾರಿ ಎಳೆದು ತೋರಿಸಿದರು. ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆ ನನಗೆ ಬಹಳ ಮೆಚ್ಚುಗೆಯಾಯಿತು: "ಮನೆಗೆ ಹೋದಮೇಲೆ ಅಜ್ಜಿಗೆ ಏನಂತ ಹೇಳ್ತೀಯಮ್ಮ?" ಹುಡುಗಿ ತನ್ನ ಮಾತಿನಲ್ಲಿ ಎಲ್ಲವನ್ನೂ ಮರುನುಡಿದಳು; ಒಂದೆಡೆ ತಪ್ಪಿದಾಗ ವೈದ್ಯೆ ತಿದ್ದಿದರು. "ಅರ್ಥವಾಯಿತೆ?" ಎಂದು ಕೇಳಿದರೆ ನಮ್ಮವರಲ್ಲಿ ಅರ್ಥವಾಗದವರೂ ಮರ್ಯಾದೆಗೆ ತಲೆಯಾಡಿಸುತ್ತಾರೆ. ಕೇಳಿದ್ದನ್ನು ಹಿಂತಿರುಗಿ ಹೇಳಿಸುವ ಈ ಕ್ರಮವನ್ನು ಹೊಸ ವೈದ್ಯಶಿಕ್ಷಣವೂ ಒತ್ತಿ ಹೇಳುತ್ತಿದೆ.

ಮಾತು ಯಾವಾಗ ನಡೆಯಬೇಕೆಂಬುದೂ ಅಲ್ಪ ವಿಷಯವಲ್ಲ. ಬಾಯಿ ತೆರೆದು, ಕಣ್ಣಿಗೆ ದೀಪ ಹೊಡೆಯುತ್ತಿರುವಾಗ, ಹತ್ತಿಯೂ ಕನ್ನಡಿಯೂ ಬಾಯೊಳಗಿರುವಾಗ ಹೇಳಿದ ಮಾತಿಗೆ ರೋಗಿ ಉತ್ತರ ಕೊಡಲಾರ. ಚುಚ್ಚುಮದ್ದು ಸಿದ್ಧವಾದ ಮೇಲೆ ಕೈಗಿತ್ತ ಒಪ್ಪಿಗೆಪತ್ರವನ್ನು ಯಾವ ರೋಗಿಯೂ ಓದುವುದಿಲ್ಲ. ಎದ್ದು ಕುಳಿತು, ಬಾಯಿ ಬರಿದಾಗಿರುವಾಗ, ಸಾಧ್ಯವಾದರೆ ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಮುಂಚೆಯೇ ಈ ಮಾತುಕತೆ ಮುಗಿಯತಕ್ಕದ್ದು.

ಹೇಳತಕ್ಕದ್ದಾದರೂ ಏನು? ಸ್ಥಳೀಯ ಅರಿವಳಿಕೆ ಕೊಟ್ಟ ಬಳಿಕ ತುಟಿ ದಪ್ಪವಾದಂತೆ ತೋರುತ್ತದೆ. ನೋವು ತಿಳಿಯುವುದಿಲ್ಲ, ಆದರೆ ಒತ್ತಡವೂ ಯಂತ್ರದ ಸದ್ದೂ ತಿಳಿಯುತ್ತವೆ. ಈ ಒಂದು ವಾಕ್ಯವನ್ನು ಮೊದಲೇ ಹೇಳದಿದ್ದರೆ, ಒತ್ತಡವನ್ನೇ ನೋವಿನ ಮುನ್ಸೂಚನೆಯೆಂದು ಭ್ರಮಿಸಿ ರೋಗಿ ಬೆಚ್ಚಿಬೀಳುತ್ತಾನೆ. ಒಸಡನ್ನು ಕೊಯ್ದು ಸರಿಸಿ, ಹಲ್ಲಿಗೆ ಕವಿದ ಮೂಳೆಯನ್ನು ನೀರು ಬಿಡುತ್ತ ಕೊರೆದು, ಬೇಕಾದರೆ ಹಲ್ಲನ್ನೇ ತುಂಡರಿಸಿ ತೆಗೆದು, ಹೊಲಿಗೆ ಹಾಕುತ್ತಾರೆ. ಊತ ಮೊದಲ ದಿನಕ್ಕಿಂತ ಎರಡನೆಯ ಮೂರನೆಯ ದಿನ ಹೆಚ್ಚಾಗುವುದು ಸಹಜ. ಇದನ್ನು ತಿಳಿಸದೆ ಕಳುಹಿಸಿದರೆ, ಏನೋ ಕೆಟ್ಟಿತೆಂದು ಮನೆಯವರು ನಡುರಾತ್ರಿಯಲ್ಲಿ ಕಂಗಾಲಾಗುತ್ತಾರೆ. ಇನ್ನೊಂದು ತೊಂದರೆ, ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕದಲಿಹೋಗಿ ಮೂಳೆ ಬಯಲಾಗುವುದು. ಇಳಿಯುತ್ತಿದ್ದ ನೋವು ಮೂರನೆಯ ನಾಲ್ಕನೆಯ ದಿನಕ್ಕೆ ಮತ್ತೆ ಕಿವಿಯವರೆಗೆ ಹಬ್ಬಿ ಏರಿದರೆ ಇದೇ ಕಾರಣವಿರಬಹುದು. ಮೊದಲ ದಿನ ಉಗುಳುವುದು, ಜೋರಾಗಿ ಮುಕ್ಕಳಿಸುವುದು, ಸ್ಟ್ರಾ ಹಾಕಿ ಎಳನೀರು ಹೀರುವುದು, ಬೀಡಿ ಸಿಗರೇಟು ಸೇದುವುದು ಬೇಡವೆನ್ನುವುದು ಈ ಹೆಪ್ಪನ್ನು ಕಾಪಾಡಲೆಂದೇ. ಕಾರಣ ತಿಳಿದವರು ನಿಷೇಧವನ್ನು ಪಾಲಿಸುತ್ತಾರೆ. ಬರಿಯ ನಿಷೇಧ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ.

ನರದ ವಿಷಯವನ್ನು ವಿಶೇಷವಾಗಿ ಬಿಚ್ಚಿ ಹೇಳಬೇಕು. ಕೆಳದವಡೆಯ ಬುದ್ಧಿಹಲ್ಲನ್ನು ತೆಗೆಯುವಾಗ ಸಮೀಪದ ನರಕ್ಕೆ ಪೆಟ್ಟಾಗಿ ತುಟಿಯೂ ಗಲ್ಲವೂ, ಅಥವಾ ನಾಲಗೆಯ ಒಂದು ಪಾರ್ಶ್ವ, ಕೆಲವು ವಾರ ಇಲ್ಲವೆ ತಿಂಗಳು ಮರಗಟ್ಟಬಹುದು. ಬಹುಪಾಲು ಇದು ತಾನಾಗಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ಮುಖ ಸೊಟ್ಟಗಾಗುವುದಿಲ್ಲ, ಏಕೆಂದರೆ ಈ ನರಗಳು ಸ್ಪರ್ಶದವೇ ಹೊರತು ಮುಖದ ಚಲನೆಯವಲ್ಲ. ಬೇರು ನರದ ಕಾಲುವೆಗೆ ತೀರ ಹೊಂದಿಕೊಂಡಂತೆ ಕಂಡರೆ ಮೂರು ಆಯಾಮಗಳ ಸಿಬಿಸಿಟಿ ಚಿತ್ರ ತೆಗೆಸುವುದೂ, ಅಪಾಯ ಹೆಚ್ಚೆಂದು ತೋರಿದರೆ ಬೇರನ್ನು ಅಲ್ಲಿಯೇ ಬಿಟ್ಟು ಹಲ್ಲಿನ ತಲೆಯನ್ನಷ್ಟೇ ತೆಗೆಯುವುದೂ ಉಂಟು. ಇದನ್ನೆಲ್ಲ ಹೇಳಿದರೆ ರೋಗಿ ಹೆದರಿ ಓಡಿಹೋದಾನೆಂಬ ವಾದವಿದೆ. ಸಂಖ್ಯೆಯೊಡನೆ, ಸಮಾಧಾನವಾಗಿ, ಅವನ ಚಿತ್ರವನ್ನೇ ಮುಂದಿಟ್ಟು ಹೇಳಿದ ಅಪಾಯಕ್ಕಿಂತ, ಹೇಳದೆ ಬಿಟ್ಟು ಆಮೇಲೆ ಅನುಭವಕ್ಕೆ ಬಂದ ಅಪಾಯವೇ ಮನುಷ್ಯನನ್ನು ಹೆಚ್ಚು ಹೆದರಿಸುತ್ತದೆ.

ನ್ಯಾಯಶಾಸ್ತ್ರವೂ ಈಗ ಇದೇ ದಿಕ್ಕಿನಲ್ಲಿ ನಡೆದಿದೆ. 2008ರ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಪರೀಕ್ಷೆಗೆಂದು ಅರಿವಳಿಕೆ ಪಡೆದ ಮಹಿಳೆಯ ಗರ್ಭಕೋಶವನ್ನು ಅವಳ ತಾಯಿಯ ಒಪ್ಪಿಗೆಯ ಮೇಲೆ ತೆಗೆದುಹಾಕಿದ ಪ್ರಕರಣವೊಂದರಲ್ಲಿ ಮಹತ್ವದ ತೀರ್ಪಿತ್ತಿತು. ಆ ತೀರ್ಪನ್ನು ಬರೆದವರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಹಲವು ವರ್ಷ ಕುಳಿತಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಪರ್ಯಾಯಗಳು, ಗಣನೀಯವಾದ ಅಪಾಯಗಳು, ಚಿಕಿತ್ಸೆಯನ್ನು ನಿರಾಕರಿಸಿದರೆ ಆಗುವ ಪರಿಣಾಮ ಇವುಗಳನ್ನು ತಿಳಿಸಿ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದೂ, ಪ್ರಾಪ್ತವಯಸ್ಕಳಾದ ರೋಗಿಯ ಪರವಾಗಿ, ತುರ್ತಿಲ್ಲದಾಗ, ಬೇರೊಬ್ಬರು ಒಪ್ಪಿಗೆ ಕೊಡಲಾಗದೆಂದೂ ಅಲ್ಲಿ ಸ್ಥಾಪಿತವಾಯಿತು. ಆದರೆ ತೀರ ದೂರದ ಅಪಾಯಗಳನ್ನೆಲ್ಲ ಪಟ್ಟಿಮಾಡಿ ಹೇಳಬೇಕಿಲ್ಲವೆಂದು ಆ ತೀರ್ಪು ವೈದ್ಯರಿಗೆ ಸ್ವಲ್ಪ ಸಡಿಲವನ್ನೂ ಕೊಟ್ಟಿದೆ. 2015ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಅಪಾಯ ಮುಖ್ಯವೆಂಬುದನ್ನು ವೈದ್ಯರ ರೂಢಿಯಿಂದಲ್ಲ, ಆ ರೋಗಿಯ ಸ್ಥಿತಿಯಲ್ಲಿರುವ ವಿವೇಕಿಯ ದೃಷ್ಟಿಯಿಂದ ಅಳೆಯಬೇಕೆಂದಿತು.

ಇದರ ಅರ್ಥವನ್ನು ನಮ್ಮ ನಾಡಿನ ನಿದರ್ಶನದಿಂದಲೇ ಗ್ರಹಿಸಬಹುದು. ದೇವಸ್ಥಾನದಲ್ಲಿ ನಾಗಸ್ವರ ನುಡಿಸಿ ಜೀವಿಸುವವರಿಗೆ ತುಟಿಯ ಸ್ಪರ್ಶವೇ ಅನ್ನ. ಧಾರವಾಡದ ಗಾಯಕಿಗೆ ನಾಲಗೆಯ ಹಿಡಿತವೇ ಸರ್ವಸ್ವ. ಕಾಫಿಯ ರುಚಿ ನೋಡಿ ದರ್ಜೆ ಕಟ್ಟುವ ಚಿಕ್ಕಮಗಳೂರಿನ ನೌಕರನಿಗೆ ನಾಲಗೆಯ ರುಚಿಯೇ ಉದ್ಯೋಗ. ನೂರಕ್ಕೆ ಒಂದಕ್ಕಿಂತ ಕಡಿಮೆಯೆಂಬ ಅದೇ ಅಪಾಯ ಇವರ ಪಾಲಿಗೆ ಬೇರೆಯೇ ತೂಕದ್ದು. "ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳದ ವೈದ್ಯರಿಗೆ ಈ ತೂಕ ತಿಳಿಯುವ ಬಗೆಯಿಲ್ಲ.

ಮುಚ್ಚುಮರೆ ವೈದ್ಯರ ಕಡೆಯಿಂದ ಮಾತ್ರ ಆಗುವುದಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವ ಹಿರಿಯರು ಹಲ್ಲಿಗೂ ಹೃದಯಕ್ಕೂ ಏನು ಸಂಬಂಧವೆಂದು ಸುಮ್ಮನಿರುತ್ತಾರೆ. ಸಕ್ಕರೆ ಕಾಯಿಲೆ, ಗರ್ಭಧಾರಣೆ, ಔಷಧದ ಅಲರ್ಜಿ ಇವೂ ಹೇಳದೆ ಉಳಿಯುತ್ತವೆ. ನೋವಿಗೆ ಲವಂಗ ಇಟ್ಟದ್ದನ್ನು ಹೇಳುವವರು, ಮೆಡಿಕಲ್ ಸ್ಟೋರಿನಿಂದ ಎರಡು ಮೂರು ಸಲ ಆಂಟಿಬಯಾಟಿಕ್ ತಂದು ಅರ್ಧಕ್ಕೇ ಬಿಟ್ಟದ್ದನ್ನು ಹೇಳುವುದಿಲ್ಲ. ಒಸಡಿನ ಮೇಲೆ ಆಸ್ಪಿರಿನ್ ಮಾತ್ರೆಯನ್ನೇ ಒತ್ತಿಟ್ಟು ಸುಟ್ಟುಕೊಂಡದ್ದನ್ನೂ ಹೇಳುವುದಿಲ್ಲ. ಗುಟ್ಕಾ ಜಗಿಯುವ ಹುಡುಗ ತಂದೆಯ ಎದುರಿನಲ್ಲಿ ಅದನ್ನು ಒಪ್ಪಿಕೊಳ್ಳಲಾರ. ಆದರೆ ಗುಟ್ಕಾದಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾದವರಲ್ಲಿ ಬುದ್ಧಿಹಲ್ಲನ್ನು ತೆಗೆಯುವುದು ಬಹಳ ಕಷ್ಟ, ಮತ್ತು ಆ ನಾರುಗಟ್ಟುವಿಕೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಮನೆಯವರನ್ನು ಐದು ನಿಮಿಷ ಹೊರಗೆ ಕುಳ್ಳಿರಿಸಿ ಹುಡುಗನೊಡನೆ ಒಬ್ಬರೇ ಮಾತನಾಡುವ ಪದ್ಧತಿಯನ್ನು ವೈದ್ಯರು ರೂಢಿಸಿಕೊಳ್ಳಬೇಕು.

ಹಣದ ಮಾತನ್ನು ಇಬ್ಬರೂ ಸಂಕೋಚದಿಂದ ತಪ್ಪಿಸುತ್ತಾರೆ. ಸಂಶಯ ಬೆಳೆಯುವುದೂ ಅಲ್ಲಿಯೇ. ನಮ್ಮಲ್ಲಿ ಹಲ್ಲಿನ ಚಿಕಿತ್ಸೆಗೆ ಜನ ಬಹುಪಾಲು ತಮ್ಮ ಕೈಯಿಂದಲೇ ಖರ್ಚು ಮಾಡುವುದರಿಂದ, ಕೀಳಿಸಬೇಕೆಂದ ವೈದ್ಯರ ಸಲಹೆ ಹಲ್ಲಿಗಾಗಿಯೋ ಹಣಕ್ಕಾಗಿಯೋ ಎಂಬ ಅನುಮಾನ ಅವರ ಮನಸ್ಸಿನಲ್ಲಿ ಸುಳಿಯದೆ ಇರದು. ಖರ್ಚನ್ನು ಮೊದಲೇ ಬರೆದುಕೊಟ್ಟು, ಎಕ್ಸ್‌-ರೇ ಚಿತ್ರವನ್ನು ರೋಗಿಯ ಕೈಗಿತ್ತು, ಬೇಕಾದರೆ ಇನ್ನೊಬ್ಬರನ್ನು ಕೇಳಿ ಬನ್ನಿರೆಂದು ಹೇಳುವ ವೈದ್ಯರ ಮೇಲೆ ಈ ಅನುಮಾನ ನಿಲ್ಲುವುದಿಲ್ಲ. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು ಮೊದಲಾಗಿ ರಾಜ್ಯದ ಅನೇಕ ದಂತವೈದ್ಯ ಕಾಲೇಜುಗಳಲ್ಲಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇದೇ ಚಿಕಿತ್ಸೆ ಕಡಿಮೆ ಖರ್ಚಿನಲ್ಲಿ ದೊರೆಯುತ್ತದೆಂಬುದನ್ನು, ಹಣ ಹೊಂದಿಸಲಾಗದ ರೋಗಿಗೆ ಖಾಸಗಿ ವೈದ್ಯರೇ ತಿಳಿಸುವುದು ದೊಡ್ಡ ಗುಣ.

ಎಷ್ಟು ನುರಿತ ಕೈಯಲ್ಲಿಯೂ ಒಮ್ಮೊಮ್ಮೆ ಬೇರಿನ ತುದಿ ಮುರಿದು ಒಳಗೆ ಉಳಿಯುತ್ತದೆ. ನರದ ಸಮೀಪದಲ್ಲಿ ಅದನ್ನು ಕೆದಕಿ ತೆಗೆಯುವುದಕ್ಕಿಂತ ಬಿಡುವುದೇ ಕ್ಷೇಮವೆಂಬ ನಿರ್ಧಾರ ಸರಿಯಾಗಿಯೇ ಇರಬಹುದು. ಆದರೆ ಅದನ್ನು ರೋಗಿಗೆ ಅಂದೇ ಹೇಳಿ, ಚೀಟಿಯಲ್ಲಿ ಬರೆದುಕೊಡದಿರುವುದು ಸರಿಯಲ್ಲ. ವರ್ಷಗಳು ಕಳೆದ ಮೇಲೆ ಬೇರೊಬ್ಬ ವೈದ್ಯರ ಎಕ್ಸ್‌-ರೇಯಲ್ಲಿ ಆ ತುಂಡನ್ನು ಕಂಡ ರೋಗಿ, ಮೊದಲಿನವರ ಕೈಚಳಕವನ್ನಲ್ಲ, ಅವರ ಮೌನವನ್ನೇ ದೂರುತ್ತಾನೆ. ಹಾಗೆ ದೂರುವುದು ನ್ಯಾಯವೂ ಹೌದು.

ಓದುಗರಲ್ಲಿ ನನ್ನದೊಂದು ಬಿನ್ನಹ. ದಂತವೈದ್ಯರಲ್ಲಿಗೆ ಹೋಗುವಾಗ, ನುಂಗುತ್ತಿರುವ ಔಷಧಗಳ ಹೆಸರನ್ನೂ ಕೇಳಬೇಕಾದ ಪ್ರಶ್ನೆಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ: ಈ ಹಲ್ಲನ್ನು ಕೀಳದಿದ್ದರೆ ನನಗೆ ಏನಾಗಬಹುದು, ನರಕ್ಕೆ ಅದು ಎಷ್ಟು ಹತ್ತಿರವಿದೆ, ಕಾದು ನೋಡುವುದು ಸಾಧ್ಯವೆ, ಎಷ್ಟು ದಿನ ಕೆಲಸಕ್ಕೆ ಹೋಗಲಾಗದು. ಉತ್ತರದಿಂದ ಮನಸ್ಸಿಗೆ ಸಮಾಧಾನವಾಗದಿದ್ದರೆ, ಮತ್ತು ನೋವೂ ಬಾವೂ ಇಳಿದಿದ್ದರೆ, ಸಹಿ ಹಾಕದೆ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಲು ನಿಮಗೆ ಪೂರ್ಣ ಅಧಿಕಾರವಿದೆ. ಆದರೆ ಬಾವು ದವಡೆಯಿಂದ ಕುತ್ತಿಗೆಗೆ ಇಳಿದು, ಜ್ವರ ಬಂದು, ಎಂಜಲು ನುಂಗುವುದೋ ಉಸಿರಾಡುವುದೋ ಕಷ್ಟವಾಗತೊಡಗಿದರೆ, ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಸರಿ, ಆ ಗಳಿಗೆಯಲ್ಲಿಯೇ ದೊಡ್ಡ ಆಸ್ಪತ್ರೆಗೆ ಹೋಗಿರಿ.